ಜೆರಾಕ್ಸ್ ಅಂಗಡಿಯ ಮೇಜು

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರರಲ್ಲಿ ಯಾವ ಊರಿನ ತಾಲ್ಲೂಕು ಕಚೇರಿಯ ಆಸುಪಾಸಿಗೆ ಹೋದರೂ ‘ಜೆರಾಕ್ಸ್’ ಎಂಬ ಬೋರ್ಡು ಕಾಣದೆ ಇರದು. ಒಳಗೆ ನಕಲು ತೆಗೆಯುವ ಯಂತ್ರ, ಅದರ ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್, ಅದರ ಪರದೆಯ ಮೇಲೆ ಸಾಲು ಸಾಲು ಹಳದಿ ಫೋಲ್ಡರುಗಳು. ಆ ಯಂತ್ರಕ್ಕೂ ಈ ಫೋಲ್ಡರುಗಳಿಗೂ ಒಂದೇ ತವರುಮನೆ. ನಕಲಿಗೆ ನಾವು ಇಟ್ಟುಕೊಂಡಿರುವ ಹೆಸರು ಅಮೆರಿಕದ ಒಂದು ಕಂಪನಿಯದು. ಅದೇ ಕಂಪನಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಪರದೆಯನ್ನು ಕಚೇರಿಯ ಮೇಜಿನಂತೆ ಬಿಡಿಸುವ ಕಲ್ಪನೆ ಮೈದಳೆಯಿತು. 1981ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ ಸ್ಟಾರ್ ಎಂಬ ಯಂತ್ರದ ಪರದೆಯ ಮೇಲೆ ಕಾಗದ, ಫೋಲ್ಡರು, ಅಂಚೆಬುಟ್ಟಿ ಎಲ್ಲವೂ ಚಿತ್ರಗಳಾಗಿ ಕೂತಿದ್ದವು. ವ್ಯಾಪಾರದಲ್ಲಿ ಸ್ಟಾರ್ ಸೋತಿತು. ಅದರ ಮೇಜು ಮಾತ್ರ 1984ರ ಮ್ಯಾಕಿಂತೋಷ್ ದಾಟಿ, ವಿಂಡೋಸ್ ದಾಟಿ, ಮಳವಳ್ಳಿಯ ಪೇಟೆಯವರೆಗೂ ಬಂದು ಮುಟ್ಟಿತು.

ಈ ಮೂಲವನ್ನು ನೆನಪಿಟ್ಟುಕೊಂಡರೆ ಲಿನಕ್ಸ್ ಹಾಕಲು ಹೊರಟವರನ್ನು ಕಾಡುವ ಒಂದು ಪ್ರಶ್ನೆ ಹಗುರಾಗುತ್ತದೆ. ವಿಂಡೋಸ್‌ನಲ್ಲಿ ಮೇಜು ಒಂದೇ, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಲಿನಕ್ಸ್‌ನಲ್ಲಿ ಗ್ನೋಮ್, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಸಿನಮನ್, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಎಂದು ಹತ್ತಾರು ಡೆಸ್ಕ್‌ಟಾಪ್‌ಗಳು, ಒಂದೊಂದಕ್ಕೂ ಅದರದೇ ಫೈಲ್ ಮ್ಯಾನೇಜರ್. ಜನ ಸಾಮಾನ್ಯವಾಗಿ ನೋಟ ಮೆಚ್ಚಿ ಡೆಸ್ಕ್‌ಟಾಪ್ ಆರಿಸುತ್ತಾರೆ, ಇಲ್ಲವೇ ‘ಯಾವುದು ಹಗುರ’ ಎಂದು ಕೇಳಿ ಆರಿಸುತ್ತಾರೆ. ನನ್ನ ವಾದ ಬೇರೆ. ಮೇಜು ಇರುವುದು ಕಾಗದಪತ್ರ ಇಡಲು, ಹುಡುಕಲು, ಕಟ್ಟಿ ಕೊಡಲು. ಆದ್ದರಿಂದ ಮೊದಲು ಫೈಲ್ ಮ್ಯಾನೇಜರನ್ನು ಆರಿಸಬೇಕು. ಡೆಸ್ಕ್‌ಟಾಪು ಅದರ ಬೆನ್ನಿಗೆ ತಾನಾಗಿ ಬರುತ್ತದೆ. ಹೆಣ್ಣು ನೋಡಲು ಹೋದವರು ಚಪ್ಪರ ನೋಡಿಕೊಂಡು ಬಂದ ಹಾಗಾಗಬಾರದು.

ಪ್ರಶ್ನೆ ಈಗಲೇ ಏಳುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದಾಗಿರಬೇಕು. ಜೆರಾಕ್ಸ್ ಅಂಗಡಿ, ಶಾಲೆಯ ಲ್ಯಾಬು, ಸಹಕಾರ ಸಂಘ ಮುಂತಾದ ಕಡೆ ಇರುವ ಅಸೆಂಬಲ್ಡ್ ಯಂತ್ರಗಳಲ್ಲಿ ಎಷ್ಟೋ ಆ ಗೆರೆಯ ಕೆಳಗಿವೆ. ಕೆಟ್ಟಿಲ್ಲ, ಓಡುತ್ತಿವೆ, ಆದರೆ ಅವಕ್ಕೆ ಹೇಳುವವರು ಕೇಳುವವರು ಇಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಇನ್ನೊಂದಿಷ್ಟು ವರ್ಷದ ಆಯುಸ್ಸು.

ಲಿನಕ್ಸ್ ಎಂಬ ಹೆಸರು ಸರಿಯಾಗಿ ಸಲ್ಲುವುದು ಎಲ್ಲಕ್ಕಿಂತ ಅಡಿಯಲ್ಲಿರುವ ಕರ್ನೆಲ್‌ಗೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ತೊಡಗಿದ್ದು ಅದನ್ನು. ಮಂಡ್ಯದವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳುವುದು ಸುಲಭ. ಕರ್ನೆಲ್ ಎಂದರೆ ಕನ್ನಂಬಾಡಿ ಕಟ್ಟೆ. ಅದರ ಮೇಲಿನ ಗ್ರಂಥಾಲಯಗಳು, ಪರದೆಗೆ ಚಿತ್ರ ಒಯ್ಯುವ ವ್ಯವಸ್ಥೆಗಳು ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳು. ಡೆಸ್ಕ್‌ಟಾಪ್ ಎಂಬುದು ಗದ್ದೆಯ ಬದಿಯ ತೂಬು. ರೈತ ದಿನಾ ಕೈಯಿಡುವುದು ತೂಬಿಗೆ, ಅದಕ್ಕೇ ಅವನಿಗೆ ಅದೇ ನೀರಾವರಿ. ತೂಬನ್ನು ಬದಲಾಯಿಸಿದರೆ ಕಟ್ಟೆ ಬದಲಾಗುವುದಿಲ್ಲ. ಹಾಗೆಯೇ ಒಂದೇ ಕರ್ನೆಲ್ ಮೇಲೆ ಇವತ್ತು ಎಕ್ಸ್‌ಎಫ್‌ಸಿಇ, ನಾಳೆ ಪ್ಲಾಸ್ಮಾ ಕೂರಿಸಬಹುದು. ಬೇಕಾದರೆ ಎರಡನ್ನೂ ಇಟ್ಟುಕೊಂಡು ಒಳಗೆ ಬರುವಾಗ ಒಂದನ್ನು ಆರಿಸಬಹುದು.

ಇಷ್ಟೊಂದು ತೂಬುಗಳು ಯಾಕೆ ಹುಟ್ಟಿದವು ಎಂದರೆ, ಅರ್ಧ ಜಗಳದಿಂದ. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಶ್ ಕೆಡಿಇ ಆರಂಭಿಸಿದರು. ಅದು ಆಧರಿಸಿದ್ದ ಕ್ಯೂಟಿ ಎಂಬ ಉಪಕರಣಗಳ ಕಟ್ಟು ಆಗ ಪೂರ್ತಿ ಮುಕ್ತ ಪರವಾನಗಿಯಲ್ಲಿ ಇರಲಿಲ್ಲ. ಅದಕ್ಕೆ ಎದುರಾಗಿ 1997ರಲ್ಲಿ ಮೆಕ್ಸಿಕೊದ ಮಿಗೆಲ್ ದಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರು ಮಾಡಿದರು. 2000ರಲ್ಲಿ ಕ್ಯೂಟಿಗೆ ಜಿಪಿಎಲ್ ಎಂಬ ಮುಕ್ತ ಪರವಾನಗಿ ಬಂತು, ಜಗಳದ ಕಾರಣ ಹೋಯಿತು, ಎರಡು ಮನೆ ಹಾಗೇ ಉಳಿದವು. 2011ರಲ್ಲಿ ಗ್ನೋಮ್ 3 ಬಂದು ಹಳೆಯ ಮೆನುವನ್ನೂ ಕೆಳಪಟ್ಟಿಯನ್ನೂ ತೆಗೆದಾಗ ಇನ್ನೊಂದು ಪಾಲು ಆಯಿತು. ಹಳೆಯದೇ ಬೇಕೆಂದವರು ಗ್ನೋಮ್ 2ರ ಕೋಡ್ ಎತ್ತಿಕೊಂಡು ಮಾಟೆ ಕಟ್ಟಿದರು. ಲಿನಕ್ಸ್ ಮಿಂಟ್ ಬಳಗ ಸಿನಮನ್ ಕಟ್ಟಿತು. ಟೋರ್ವಾಲ್ಡ್ಸ್ ಕೂಡ ಮುನಿಸಿಕೊಂಡು ಎಕ್ಸ್‌ಎಫ್‌ಸಿಇಗೆ ಹೋದರು, ಒಂದೆರಡು ವರ್ಷದ ಮೇಲೆ ಹಿಂದಿರುಗಿದರು. ಅಣ್ಣತಮ್ಮಂದಿರು ಬೇರೆಯಾದ ಮನೆಯ ಹಾಗೆ ಗೋಡೆಗಳು ಬೇರೆ, ತಳಪಾಯದ ಕಲ್ಲು ಬಹುಪಾಲು ಒಂದೇ.

‘ಹಗುರವಾದದ್ದೇ ಒಳ್ಳೆಯದು’ ಎಂಬ ಮಾತನ್ನು ಮೊದಲು ತೂಗಿ ನೋಡೋಣ, ಏಕೆಂದರೆ ಹಳೆಯ ಯಂತ್ರ ಇಟ್ಟುಕೊಂಡವರು ಹೆಚ್ಚಾಗಿ ಕೇಳುವುದು ಅದನ್ನೇ. ಯಾವ ಪ್ರೋಗ್ರಾಮೂ ತೆರೆಯದೆ ಸುಮ್ಮನೆ ಕೂತಾಗ ಎಲ್‌ಎಕ್ಸ್‌ಕ್ಯೂಟಿ, ಎಕ್ಸ್‌ಎಫ್‌ಸಿಇ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಜಿಬಿಯಷ್ಟು ಮೆಮೊರಿ ಬಳಸುತ್ತವೆ. ಗ್ನೋಮ್, ಪ್ಲಾಸ್ಮಾ ಒಂದು ಜಿಬಿಯ ಆಸುಪಾಸು ಅಥವಾ ತುಸು ಹೆಚ್ಚು. ಲಿನಕ್ಸ್‌ನ ಯಾವ ವಿತರಣೆ (ಡಿಸ್ಟ್ರೊ) ಎಂಬುದರ ಮೇಲೆ ಈ ಅಂಕಿ ಆಚೀಚೆ ಆಗುತ್ತದೆ. ಅಂದರೆ ಉಳಿತಾಯ ಹೆಚ್ಚೆಂದರೆ ಅರ್ಧ ಜಿಬಿ ಚಿಲ್ಲರೆ. ಇದರ ಮೇಲೆ ಬ್ರೌಸರ್ ತೆರೆದು ಐದಾರು ಸರ್ಕಾರಿ ಜಾಲತಾಣಗಳ ಟ್ಯಾಬು ಹಾಕಿ. ಒಂದೂವರೆ, ಎರಡು ಜಿಬಿ ಅದೇ ನುಂಗುತ್ತದೆ. ಯಾವ ಡೆಸ್ಕ್‌ಟಾಪ್ ಹಾಕಿದರೂ ಬ್ರೌಸರಿನ ಹಸಿವು ಇಳಿಯುವುದಿಲ್ಲ. ನಾಲೆಯ ನೀರನ್ನು ಅಳೆಯಬೇಕಾದದ್ದು ಕಟ್ಟೆಯ ಬಳಿ ಅಲ್ಲ, ಮದ್ದೂರು ಮಳವಳ್ಳಿಯ ಕೊನೆ ಭಾಗದ ಗದ್ದೆಯಲ್ಲಿ. ಮೇಲೆ ತುಂಬಿ ಹರಿದರೂ ಕೊನೆ ಭಾಗಕ್ಕೆ ಬರಲಿಲ್ಲವೆಂದರೆ ಬಂದಂತಲ್ಲ. 2 ಜಿಬಿ ಯಂತ್ರದಲ್ಲಿ ಆ ಅರ್ಧ ಜಿಬಿ ಜೀವ ಉಳಿಸುತ್ತದೆ, ಒಪ್ಪುತ್ತೇನೆ. 4 ಜಿಬಿಯಲ್ಲಿ ಅನುಕೂಲ. 8 ಜಿಬಿಯಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಆಗುವ ಚುರುಕು ಯಾವ ಹಗುರ ಡೆಸ್ಕ್‌ಟಾಪಿನಿಂದಲೂ ಆಗದು.

ಕನ್ನಡ ಚೆನ್ನಾಗಿ ಮೂಡುವ ಡೆಸ್ಕ್‌ಟಾಪ್ ಯಾವುದು ಎಂಬುದು ಇನ್ನೊಂದು ಪ್ರಶ್ನೆ. ಇದೂ ಡೆಸ್ಕ್‌ಟಾಪಿಗೆ ಕೇಳುವ ಪ್ರಶ್ನೆಯಲ್ಲ. ಒತ್ತಕ್ಷರ ಕೂಡಿಸುವ, ಕೊಂಬು ದೀರ್ಘಗಳನ್ನು ಜಾಗಕ್ಕೆ ಕೂರಿಸುವ ಕೆಲಸ ಹಾರ್ಫ್‌ಬಜ್ ಎಂಬ ಗ್ರಂಥಾಲಯದ್ದು. ಗ್ನೋಮ್ ಬಳಸುವ ಜಿಟಿಕೆ, ಕೆಡಿಇ ಬಳಸುವ ಕ್ಯೂಟಿ ಎರಡೂ ಅದನ್ನೇ ಆಶ್ರಯಿಸಿವೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳು ಎಲ್ಲಕ್ಕೂ ಸಮಾನ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಯಾವ ಡೆಸ್ಕ್‌ಟಾಪಿನಲ್ಲೂ ಸಿಗುತ್ತದೆ. ಕಡತದ ಹೆಸರುಗಳ ಮಿತಿಯೂ ಅಡಿಪಾಯದ್ದೇ, ಮತ್ತು ಅದು ಸ್ವಾರಸ್ಯವಾದದ್ದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ವ್ಯವಸ್ಥೆ ಒಂದು ಕಡತದ ಹೆಸರಿಗೆ 255 ಬೈಟು ಕೊಡುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು. ‘ಮಂಡ್ಯ’ದಲ್ಲಿ ಮ, ಸೊನ್ನೆ, ಡ, ವಿರಾಮ, ಯ ಎಂದು ಐದು ಸಂಕೇತ, 15 ಬೈಟು. ‘ಮದ್ದೂರು’, ‘ಮಳವಳ್ಳಿ’ ಒಂದೊಂದಕ್ಕೂ ಏಳು ಸಂಕೇತ, 21 ಬೈಟು. ಹಾಗಾಗಿ 85 ಸಂಕೇತ ದಾಟಿದ ಕನ್ನಡ ಹೆಸರು ಇಲ್ಲಿ ಹಿಡಿಸುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟನ್ನಲ್ಲ, 16 ಬಿಟ್ಟಿನ ಸಂಕೇತಗಳನ್ನು ಎಣಿಸುತ್ತದೆ. ಅಲ್ಲಿ ಕನ್ನಡಕ್ಕೂ 255 ಸಿಗುತ್ತವೆ. ಸುತ್ತೋಲೆಯ ವಿಷಯವನ್ನೆಲ್ಲ ಹೆಸರಾಗಿ ಕೊಟ್ಟ ಕಡತವನ್ನು ವಿಂಡೋಸ್ ಯಂತ್ರದಿಂದ ತಂದಾಗ ‘ಹೆಸರು ಬಹಳ ಉದ್ದ’ ಎಂದು ಲಿನಕ್ಸ್ ತಕರಾರು ತೆಗೆಯುವುದು ಇದಕ್ಕೇ. ಫೈಲ್ ಮ್ಯಾನೇಜರ್ ಕೆಡಿಇಯ ಡಾಲ್ಫಿನ್ ಆದರೂ ಅಷ್ಟೇ, ಎಕ್ಸ್‌ಎಫ್‌ಸಿಇಯ ಥುನಾರ್ ಆದರೂ ಅಷ್ಟೇ.

ನೋಟ, ತೂಕ, ಕನ್ನಡ ಮೂರನ್ನೂ ಬದಿಗಿಟ್ಟ ಮೇಲೆ ಡೆಸ್ಕ್‌ಟಾಪುಗಳ ನಡುವೆ ಉಳಿಯುವ ದೊಡ್ಡ ವ್ಯತ್ಯಾಸ ಕಡತಗಳನ್ನು ನಿಭಾಯಿಸುವ ರೀತಿಯಲ್ಲಿದೆ. ಅಂಗಡಿಯ ಒಂದು ಹೊತ್ತಿನ ಕೆಲಸ ನೆನೆಯಿರಿ. ಫೋನಿನಿಂದ ಫೋಟೊ ಇಳಿಸಬೇಕು. ಅರ್ಜಿಯ ಜಾಲತಾಣ ಕೇಳುವ 50 ಕೆಬಿಯೊಳಗೆ ಅದನ್ನು ಕುಗ್ಗಿಸಬೇಕು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಹಣಿ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಬೇಕು. ಸ್ಕ್ಯಾನರ್ ಇಟ್ಟ ಅರ್ಥವಿಲ್ಲದ ಹೆಸರುಗಳನ್ನು ಬದಲಾಯಿಸಬೇಕು. ಪೆನ್‌ಡ್ರೈವಿಗೆ ಹಾಕಿ ಕೊಡಬೇಕು. ಭೂಮಿ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಕಾಲದಿಂದ ಕಚೇರಿಯ ಕಾಗದ ಕಡಿಮೆಯಾಯಿತೇನೋ ನಿಜ. ಕಚೇರಿಯ ಹೊರಗಿನ ಅಂಗಡಿಯಲ್ಲಿ ಫೈಲುಗಳು ಹೆಚ್ಚಿದವು.

ಈ ಕೆಲಸಕ್ಕೆ ಎಕ್ಸ್‌ಎಫ್‌ಸಿಇಯ ಥುನಾರ್ ಹೇಳಿ ಮಾಡಿಸಿದಂತಿದೆ ಎಂದು ನನ್ನ ಅಭಿಪ್ರಾಯ. 2007ರ ಎಕ್ಸ್‌ಎಫ್‌ಸಿಇ 4.4ರೊಂದಿಗೆ ಬಂದ ಈ ಸಣ್ಣ ಪ್ರೋಗ್ರಾಮಿನಲ್ಲಿ ‘ಸ್ವಂತ ಕ್ರಿಯೆ’ ಎಂಬ ಸೌಲಭ್ಯವಿದೆ. ಒಂದು ಆದೇಶವನ್ನು ಒಮ್ಮೆ ಬರೆದಿಟ್ಟು ಅದಕ್ಕೆ ಬೇಕಾದ ಹೆಸರು ಕೊಟ್ಟರೆ ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ಅದು ಸೇರಿಕೊಳ್ಳುತ್ತದೆ. ಹೆಸರು ಕನ್ನಡದಲ್ಲೇ ಇರಬಹುದು: ‘50 ಕೆಬಿಗೆ ಇಳಿಸು’, ‘ಎಲ್ಲ ಸೇರಿಸಿ ಪಿಡಿಎಫ್ ಮಾಡು’. ಹಿಂದೆ ದುಡಿಯುವುದು ಇಮೇಜ್‌ಮ್ಯಾಜಿಕ್‌ನಂಥ ಉಚಿತ ಸಲಕರಣೆ; ಚಿತ್ರದ ಗಾತ್ರ ಇಷ್ಟೇ ಕೆಬಿ ಮೀರಬಾರದು ಎಂದು ಅದಕ್ಕೆ ನೇರವಾಗಿ ಹೇಳಬಹುದು. ಯಾರದೋ ಆಧಾರ್ ಚಿತ್ರವನ್ನು ಗುರುತು ಪರಿಚಯವಿಲ್ಲದ ಜಾಲತಾಣಕ್ಕೆ ಏರಿಸಿ ‘ಉಚಿತವಾಗಿ’ ಕುಗ್ಗಿಸಿಕೊಳ್ಳುವ ಅಪಾಯದ ಪದ್ಧತಿ ಇದರಿಂದ ತಪ್ಪುತ್ತದೆ, ಕೆಲಸ ಇಂಟರ್‌ನೆಟ್ ಇಲ್ಲದಾಗಲೂ ಸಾಗುತ್ತದೆ. ನೂರು ಕಡತಗಳ ಹೆಸರು ಒಟ್ಟಿಗೆ ಬದಲಿಸುವ ಉಪಕರಣ ಥುನಾರ್ ಜೊತೆಗೇ ಬರುತ್ತದೆ. 2022ರ ಕೊನೆಯ 4.18 ಆವೃತ್ತಿಯಲ್ಲಿ ಕಿಟಕಿಯನ್ನು ಎರಡು ಭಾಗ ಮಾಡಿ ಎಡದಲ್ಲಿ ಪೆನ್‌ಡ್ರೈವ್, ಬಲದಲ್ಲಿ ಫೋಲ್ಡರ್ ಇಟ್ಟುಕೊಳ್ಳುವ ಅನುಕೂಲವೂ, ಮಾಡಿದ ತಪ್ಪನ್ನು ಹಿಂದೆಗೆಯುವ ಅನುಕೂಲವೂ ಸೇರಿದವು.

ಗ್ನೋಮಿನ ನಾಟಿಲಸ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಎರಡು ಭಾಗದ ಕಿಟಕಿ ಅದರಲ್ಲಿ ಮೊದಲೇ ಇತ್ತು, 2012ರ 3.6 ಆವೃತ್ತಿಯಲ್ಲಿ ತೆಗೆದುಹಾಕಿದರು. ಕಣ್ಣಿಗೆ ಚೊಕ್ಕಟವಾಯಿತು, ಕೈಗೆ ಕೆಲಸ ಹೆಚ್ಚಿತು. ಸಿನಮನ್‌ನವರು 3.4ರ ನಾಟಿಲಸನ್ನೇ ಎತ್ತಿಕೊಂಡು ನೆಮೊ ಮಾಡಿದ್ದರಿಂದ ಆ ಸೌಲಭ್ಯ ಅಲ್ಲಿ ಉಳಿಯಿತು. ಮಾಟೆಯವರ ಕಾಹಾ ಇನ್ನೂ ಹಿಂದಿನ ನಾಟಿಲಸಿನ ಕುಡಿ. ನಾಟಿಲಸಿಗೆ ಅನ್ಯಾಯ ಮಾಡಬಾರದು. 2016ರಲ್ಲಿ ಅದಕ್ಕೂ ಒಟ್ಟಿಗೆ ಹೆಸರು ಬದಲಿಸುವ ಶಕ್ತಿ ಬಂತು, ಹತ್ತಾರು ಫೋಲ್ಡರುಗಳ ಒಳಗೆ ಹುಡುಕುವುದರಲ್ಲಿ ಅದು ಚುರುಕು. ಕೆಡಿಇಯ ಡಾಲ್ಫಿನ್‌ನಲ್ಲಿ ಮೇಲೆ ಹೇಳಿದ್ದೆಲ್ಲವೂ ಇದೆ, ಇನ್ನೂ ಇಪ್ಪತ್ತು ಸಂಗತಿಗಳಿವೆ. 8 ಜಿಬಿ ಇದ್ದು, ಪಳಗಿದ ಕೈಯಾದರೆ ಅದಕ್ಕಿಂತ ಸಮರ್ಥವಾದದ್ದು ಸಿಗುವುದು ಕಷ್ಟ. ಮೂರು ಜನ ಸರದಿಯಲ್ಲಿ ಕೂರುವ ಅಂಗಡಿಯಲ್ಲಿ ಅದೇ ಸಮೃದ್ಧಿ ತೊಡಕು. ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ಕೆದಕಿರುತ್ತಾರೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಲಿನಕ್ಸ್‌ನಲ್ಲಿ ಯಾವ ಡೆಸ್ಕ್‌ಟಾಪಿನ ಮೇಲೂ ಯಾವ ಫೈಲ್ ಮ್ಯಾನೇಜರನ್ನೂ ಹಾಕಿಕೊಳ್ಳಬಹುದಲ್ಲ, ಗ್ನೋಮಿನಲ್ಲಿ ನೆಮೊ ಓಡುತ್ತದಲ್ಲ, ಹಾಗಿದ್ದ ಮೇಲೆ ಒಂದರ ಹಿಂದೆ ಇನ್ನೊಂದು ಬರುತ್ತದೆ ಎಂಬ ಮಾತಿಗೆ ಏನರ್ಥ? ಓಡುತ್ತದೆ, ಸರಿಯೇ. ಆದರೆ ಬ್ರೌಸರಿನಲ್ಲಿ ‘ಅಪ್‌ಲೋಡ್’ ಒತ್ತಿದಾಗ ತೆರೆಯುವ ಕಿಟಕಿ ನೀವು ಹಾಕಿಕೊಂಡ ಫೈಲ್ ಮ್ಯಾನೇಜರಿನದಲ್ಲ. ಜಿಟಿಕೆ ಅಥವಾ ಕ್ಯೂಟಿಯದು, ಇಲ್ಲವೇ ಡೆಸ್ಕ್‌ಟಾಪ್ ಒದಗಿಸುವಂಥದು. ಈ ಪುಟ್ಟ ಕಿಟಕಿಯ ಚರಿತ್ರೆ ಕುತೂಹಲಕರ. ಕಡತ ಆರಿಸುವಾಗ ಚಿತ್ರಗಳ ಪುಟ್ಟ ರೂಪಗಳನ್ನು ಚೌಕಟ್ಟಾಗಿ ತೋರಿಸಿ ಎಂದು ಗ್ನೋಮ್ ಬಳಗಕ್ಕೆ ಬೇಡಿಕೆ ಹೋದದ್ದು 2004ರಲ್ಲಿ. ಅದು ಕೈಗೂಡಿದ್ದು 2023ರ ಗ್ನೋಮ್ 44ರಲ್ಲಿ. ಅಷ್ಟು ವರ್ಷ ಬಳಕೆದಾರರು ಹೆಸರುಗಳ ಪಟ್ಟಿ ನೋಡಿ ಯಾವ ಫೋಟೊ ಯಾರದು ಎಂದು ಒಂದೊಂದನ್ನೇ ಒತ್ತಿ ನೋಡುತ್ತಿದ್ದರು. 2024ರ ಗ್ನೋಮ್ 47ರಿಂದ ನಾಟಿಲಸೇ ಆ ಕಿಟಕಿಯ ಕೆಲಸಕ್ಕೂ ನಿಂತಿದೆ. ಕೆಡಿಇಯಲ್ಲಿ ಚಿತ್ರಗಳು ಬಹಳ ಹಿಂದಿನಿಂದ ಕಾಣುತ್ತಿವೆ. ಅಂಗಡಿಯವರು ದಿನಕ್ಕೆ ನೂರು ಸಲ ನೋಡುವ ಕಿಟಕಿ ಇದು. ಬೀಗರ ಮನೆಯ ಅಡುಗೆಯವರನ್ನು ಕರೆತಂದರೂ ಒಲೆ, ಪಾತ್ರೆ ನಮ್ಮ ಮನೆಯವೇ. ಆದ್ದರಿಂದ ಜೋಡಿಯಾಗಿಯೇ ಆರಿಸುವುದು ಲೇಸು.

ಪೆನ್‌ಡ್ರೈವಿನ ವಿಷಯಕ್ಕೂ ಇಲ್ಲೇ ಎರಡು ಮಾತು. ಲಿನಕ್ಸ್ ನಕಲಿಸುವ ಮಾಹಿತಿಯನ್ನು ಮೊದಲು ಮೆಮೊರಿಯಲ್ಲಿ ಹಿಡಿದಿಟ್ಟು, ಆಮೇಲೆ ಬಿಡುವಾದಂತೆ ಪೆನ್‌ಡ್ರೈವಿಗೆ ಬರೆಯುತ್ತದೆ. ಕರ್ನೆಲ್‌ನ ಮೂಲ ಏರ್ಪಾಡಿನಲ್ಲಿ ಹೀಗೆ ಬರೆಯದೆ ಉಳಿದದ್ದು ಲಭ್ಯ ಮೆಮೊರಿಯ ಶೇಕಡ 20ರವರೆಗೂ ಬೆಳೆಯಬಹುದು. ಪರದೆಯ ಪಟ್ಟಿ ತುಂಬಿ ‘ಆಯಿತು’ ಎಂದಾಗ ನಿಜಕ್ಕೂ ಆಗಿರುವುದಿಲ್ಲ. ಆ ಕ್ಷಣದಲ್ಲಿ ಕಿತ್ತುಕೊಂಡು ಹೋದ ಗಿರಾಕಿ ಸಂಜೆ ಖಾಲಿ ಫೈಲಿನೊಂದಿಗೆ ಹಿಂದಿರುಗುತ್ತಾನೆ. ಪೆನ್‌ಡ್ರೈವಿನ ಪಕ್ಕದ ‘ಹೊರತೆಗೆ’ ಗುರುತು ಎಷ್ಟು ಎದ್ದು ಕಾಣುತ್ತದೆ, ಬರೆದು ಮುಗಿಯುವವರೆಗೆ ‘ಕೀಳಬೇಡಿ’ ಎಂದು ಎಷ್ಟು ಸ್ಪಷ್ಟವಾಗಿ ಹೇಳುತ್ತದೆ ಎಂಬುದನ್ನು ಫೈಲ್ ಮ್ಯಾನೇಜರಿನ ಗುಣವೆಂದೇ ಎಣಿಸಬೇಕು. ಬಣ್ಣ, ಹಿನ್ನೆಲೆ ಚಿತ್ರಗಳ ಬಗ್ಗೆ ಬರೆಯುವ ವಿಮರ್ಶಕರು ಇದನ್ನು ಮುಟ್ಟುವುದೇ ಇಲ್ಲ.

ಲಿನಕ್ಸೇ ಬೇಡ ಎನ್ನಿಸುವ ಸಂದರ್ಭಗಳೂ ಇವೆ, ಮುಚ್ಚಿಡಬಾರದು. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕ್ಯಾಪ್ಟ್ ಎಂಬ ತನ್ನದೇ ಭಾಷೆ ಆಡುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಒಗ್ಗಿಸುವುದು ತಲೆನೋವು. ಎಚ್‌ಪಿಯ ಬಹುತೇಕ ಪ್ರಿಂಟರುಗಳು ಸಲೀಸು. ಬೆರಳಚ್ಚು ಪಡೆಯುವ ಉಪಕರಣಕ್ಕೆ ವಿಂಡೋಸ್ ಚಾಲಕ ತಂತ್ರಾಂಶ ಮಾತ್ರ ಸಿಕ್ಕಿದ್ದರೆ ಆ ಕೆಲಸದ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡುವುದು ಜಾಣತನ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಾದ ಪತ್ರಗಳು ಆ ಫಾಂಟು ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫಾಂಟು ಹಾಕಿದರೆ ಲಿಬ್ರೆ ಆಫೀಸ್‌ನಲ್ಲಿ ಓದಬಹುದು, ಆದರೆ ‘ಮದ್ದೂರು’ ಎಂದು ಹುಡುಕಿದರೆ ಯಾವ ಫೈಲ್ ಮ್ಯಾನೇಜರಿಗೂ ಅದರೊಳಗಿನ ಮದ್ದೂರು ಸಿಗದು, ಏಕೆಂದರೆ ಅಲ್ಲಿ ಕನ್ನಡವೇ ಇಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳಿವೆ. ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲಷ್ಟೇ ಹುಡುಕಾಟ.

‘ವಿಂಡೋಸ್ ಕಲಿತ ಕೈ ಬೇರೆಯದಕ್ಕೆ ಬಗ್ಗುವುದಿಲ್ಲ’ ಎಂಬ ಮಾತಿಗೆ ಮಾತ್ರ ಆಧಾರ ಸಾಲದು. ಕೇರಳದ ಸರ್ಕಾರಿ ಶಾಲೆಗಳು ಐಟಿ@ಸ್ಕೂಲ್ ಯೋಜನೆಯ ಕಾಲದಿಂದ ಮುಕ್ತ ತಂತ್ರಾಂಶದಲ್ಲೇ ಕಲಿಸುತ್ತ ಬಂದಿವೆ. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು, 2019ರಲ್ಲಿ ಉಬುಂಟು ಎಂಬ ವಿತರಣೆಯ 18.04ರ ಮೇಲೆ ಕಟ್ಟಿದ ತನ್ನದೇ ಲಿನಕ್ಸ್ ಆವೃತ್ತಿ ಹೊರತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇದೇ ಪಠ್ಯಕ್ರಮದ ಕನ್ನಡ ಪುಸ್ತಕ ಓದಿ, ಅದೇ ಲಿನಕ್ಸ್ ಡೆಸ್ಕ್‌ಟಾಪಿನ ಮುಂದೆ ಕೂತು ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಕರ್ನಾಟಕದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ಕೊಟ್ಟಿತು. ಕೈ ಬಗ್ಗುತ್ತದೆ. ಕೈಗೆ ಹಿಡಿಸದಿರುವುದು ಪದೇ ಪದೇ ಬದಲಾಗುವ ಮೇಜು. ಅದಕ್ಕೇ ಲ್ಯಾಬಿಗೆ ನಾನು ಮಾಟೆ ಅಥವಾ ಎಕ್ಸ್‌ಎಫ್‌ಸಿಇ ಎನ್ನುತ್ತೇನೆ. ಹತ್ತು ವರ್ಷದ ಹಿಂದಿನ ಕೈಪಿಡಿಯ ಚಿತ್ರಗಳು ಇಂದಿಗೂ ಪರದೆಗೆ ಹೆಚ್ಚುಕಡಿಮೆ ಹೊಂದುತ್ತವೆ. ಪರದೆಗೆ ಚಿತ್ರ ಒಯ್ಯುವ ಹಳೆಯ ಎಕ್ಸ್ ವ್ಯವಸ್ಥೆಯಿಂದ ವೇಲ್ಯಾಂಡಿಗೆ ಎಲ್ಲರೂ ದಾಟುತ್ತಿರುವ ಹೊತ್ತಿದು. ಗ್ನೋಮ್, ಪ್ಲಾಸ್ಮಾ ಮುಂದಿವೆ. 2024ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20ರಲ್ಲಿ ಅದು ಇನ್ನೂ ಪ್ರಯೋಗದ ಹಂತ. ಹೊಸ ಯಂತ್ರದವರು ಇದನ್ನು ಗಮನಿಸಲಿ, ಹಳೆಯ ಯಂತ್ರದವರಿಗೆ ಅವಸರವಿಲ್ಲ.

‘ಫೋನಿನ ಕಾಲದಲ್ಲಿ ಫೋಲ್ಡರು ಯಾರಿಗೆ ಬೇಕು’ ಎನ್ನುವವರು ಒಂದು ಅರ್ಜಿ ತುಂಬಿಸಲು ಬರುವ ವಿದ್ಯಾರ್ಥಿಯನ್ನು ನೋಡಬೇಕು. ಫೋನಿನಲ್ಲಿ ಅವನ ಅಂಕಪಟ್ಟಿ ಇದೆ, ಎಲ್ಲಿದೆ ಎಂಬುದು ಅವನಿಗೆ ತಿಳಿಯದು. ವಾಟ್ಸ್‌ಆ್ಯಪಿನ ಹಳೆಯ ಮಾತುಗಳ ನಡುವೆ ಬೆರಳಾಡಿಸುತ್ತಾನೆ. ಹುಡುಕಿ, ಹೆಸರಿಟ್ಟು, ಒಂದು ಕಡೆ ಇಡುವ ಕೆಲಸವನ್ನು ಫೋನು ಇಲ್ಲವಾಗಿಸಿಲ್ಲ, ಜೆರಾಕ್ಸ್ ಅಂಗಡಿಗೆ ವರ್ಗಾಯಿಸಿದೆ.

ಆರಿಸುವ ಬಗೆ ಸರಳ. ಪೆನ್‌ಡ್ರೈವಿನಿಂದಲೇ ಓಡುವ ಲೈವ್ ಲಿನಕ್ಸ್ ಎರಡು ಮೂರು ಬಗೆಯದು ಮಾಡಿಕೊಳ್ಳಿ. ಒಳಗಿನ ಡಿಸ್ಕನ್ನು ಮುಟ್ಟದೆ ನೋಡಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಕನ್ನಡದಲ್ಲೇ ಮೂರು ಫೋಲ್ಡರು ಮಾಡಿ. ಹೆಸರಿನ ಪ್ರಕಾರ ಜೋಡಿಸಿದಾಗ ಇದೇ ಕ್ರಮದಲ್ಲಿ ನಿಲ್ಲಬೇಕು. ಯೂನಿಕೋಡ್‌ನಲ್ಲೂ ನಮ್ಮ ವರ್ಣಮಾಲೆಯಲ್ಲೂ ಸೊನ್ನೆ ಮೊದಲು, ಆಮೇಲೆ ದ, ಕೊನೆಗೆ ಳ. ನಂತರ ಫೋನು ಚುಚ್ಚಿ ಹತ್ತು ಫೋಟೊ ಮೂರಕ್ಕೂ ಹಂಚಿ, ಹೆಸರು ಬದಲಿಸಿ, ಒಂದನ್ನು 50 ಕೆಬಿಗೆ ಇಳಿಸಿ, ಬ್ರೌಸರಿನಿಂದ ಅದನ್ನೇ ಆರಿಸಿ, ಪೆನ್‌ಡ್ರೈವಿಗೆ ಹಾಕಿ ಹೊರತೆಗೆಯಿರಿ. ಎಷ್ಟು ಸಲ ಮೌಸಿನ ಗುಂಡಿ ಒತ್ತಬೇಕಾಯಿತು ಎಂದು ಪಕ್ಕದಲ್ಲಿ ಒಬ್ಬರು ಗೆರೆ ಹಾಕುತ್ತ ಹೋಗಲಿ.